ಲಾಂಚಿನ ಪ್ರೊಪೆಲ್ಲರ್: ಸವೆದದ್ದೋ, ನಶಿಸಿದ್ದೋ?

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರ ಮತ್ತು ಸಾಗರ ತಾಲೂಕುಗಳಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುವುದು ನಿಮಗೆ ಗೊತ್ತು. 1964ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಇಲ್ಲಿನ ಹಲವು ಊರುಗಳಿಗೆ ಲಾಂಚೇ ರಸ್ತೆಯಾಯಿತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಬಸ್ಸು, ಜೀಪು, ರೋಗಿಗಳು, ಶಾಲಾ ಮಕ್ಕಳು ಎಲ್ಲರನ್ನೂ ದಡ ಸೇರಿಸುತ್ತಿದ್ದುದು ನೀರಿನಡಿ ತಿರುಗುವ ಲೋಹದ ಕೆಲವು ಅಲಗುಗಳು. ನಡುನೀರಿನಲ್ಲಿ ಅಲಗು ಮುರಿದರೆ ಲಾಂಚು ಗಾಳಿಗೆ ಸಿಕ್ಕ ಎಲೆಯಂತೆ. ಆದ್ದರಿಂದ ದೋಣಿಯನ್ನು ದಡಕ್ಕೆಳೆದಾಗ ಪ್ರೊಪೆಲ್ಲರನ್ನು ಪರೀಕ್ಷಿಸಿ, ಅದು ಇನ್ನೊಂದು ಮಳೆಗಾಲ ತಡೆದೀತೇ ಎಂದು ತೀರ್ಮಾನಿಸಬೇಕಾಗುತ್ತದೆ. ಹೇಗೆ?

ಮೊದಲು ಪಾಚಿ, ಕೆಸರನ್ನು ಉಜ್ಜಿ ತೆಗೆಯಿರಿ. ಬಳಿಕ ಹಾನಿ ಎಷ್ಟಾಗಿದೆ ಎನ್ನುವುದಕ್ಕಿಂತ ಮೊದಲು, ಎಲ್ಲಿ ಆಗಿದೆ ಎಂದು ನೋಡಿ. ದೋಣಿಯ ಹಿಂದೆ ನಿಂತಾಗ ಕಾಣುವುದು ನೀರನ್ನು ಹಿಂದಕ್ಕೆ ತಳ್ಳುವ ಮುಖ; ಅಲ್ಲಿ ಒತ್ತಡ ಹೆಚ್ಚು. ದೋಣಿಯ ಮೂತಿಯತ್ತ ತಿರುಗಿರುವ ಮತ್ತೊಂದು ಮುಖದಲ್ಲಿ ಒತ್ತಡ ಕಡಿಮೆ.

ನೀರನ್ನು ಸೀಳುವ ಅಂಚು ತೆಳ್ಳಗಾಗಿ, ನಯವಾಗಿ ಹೊಳೆಯುತ್ತಿದ್ದರೆ ಅದು ಮರಳಿನ ಕೆಲಸ. ಬೇಸಿಗೆಯಲ್ಲಿ ನೀರು ಇಳಿದಾಗ ಪ್ರೊಪೆಲ್ಲರ್ ತಳದ ಮರಳು, ಜಂಬಿಟ್ಟಿಗೆಯ ಹರಳುಗಳನ್ನು ಸೆಳೆದುಕೊಳ್ಳುತ್ತದೆ. ಈ ಸವೆತ ಎಲ್ಲ ಅಲಗುಗಳಲ್ಲೂ ಹೆಚ್ಚುಕಡಿಮೆ ಒಂದೇ ಸಮ. ಒಂದೇ ಅಲಗು ಮಡಚಿದ್ದರೆ ಅಥವಾ ತುದಿ ಹಾರಿದ್ದರೆ, ಮುಳುಗಿದ ಕಾಡಿನ ಮರದ ಬುಡವೊಂದು ತಾಗಿರಬೇಕು. ಹಿನ್ನೀರು ತಗ್ಗಿದಾಗ ಸಾಲುಸಾಲಾಗಿ ತಲೆ ಎತ್ತುವ ಆ ಬೊಡ್ಡೆಗಳನ್ನು ಈ ಕಡೆಯವರೆಲ್ಲ ನೋಡಿರುತ್ತಾರೆ.

ಒತ್ತಡ ಕಡಿಮೆಯಿರುವ ಮುಖದಲ್ಲಿ, ಹೊರತುದಿಯ ಸಮೀಪ, ಸ್ಪಂಜಿನಂತೆ ಒರಟಾದ ಗುಂಡಿಗಳಿದ್ದರೆ ಕಾರಣ ಬೇರೆಯೇ. ಇದು ಕ್ಯಾವಿಟೇಷನ್. ಒಂದು ಲೆಕ್ಕ ಮಾಡೋಣ. 50 ಸೆಂಮೀ ವ್ಯಾಸದ ಪ್ರೊಪೆಲ್ಲರ್ ನಿಮಿಷಕ್ಕೆ 900 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 23.6 ಮೀಟರ್. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವ ಒತ್ತಡ ಸುಮಾರು 278 ಕಿಲೋಪಾಸ್ಕಲ್. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅಲ್ಲಿ ವಾಯುಭಾರ ಸುಮಾರು 95 ಕಿಲೋಪಾಸ್ಕಲ್. ಒಂದು ಮೀಟರ್ ಆಳದ ನೀರಿನ 10 ಸೇರಿಸಿ, 105 ಎನ್ನಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3 ಕಿಲೋಪಾಸ್ಕಲ್ ಒತ್ತಡಕ್ಕೆ ಇಳಿದರೆ ನೀರು ಕುದಿಯುತ್ತದೆ. ಅಂದರೆ ಅಲಗಿನ ಬೆನ್ನಿನಲ್ಲಿ ಒತ್ತಡ 102ರಷ್ಟು, ಎಂದರೆ ಆ 278ರ ಶೇಕಡ 37ರಷ್ಟು ಕುಸಿದರೆ ಸಾಕು, ತಣ್ಣೀರೇ ಕುದಿದು ಗುಳ್ಳೆಗಳೇಳುತ್ತವೆ! ಮುಂದೆ ಸಾಗಿ ಒತ್ತಡ ಹೆಚ್ಚಿದೊಡನೆ ಗುಳ್ಳೆ ಕುಸಿದು ಲೋಹವನ್ನು ಸುತ್ತಿಗೆಯಂತೆ ಬಡಿಯುತ್ತದೆ. ಹೀಗೆ ಕುಸಿಯುವ ಗುಳ್ಳೆಯ ಅಗಾಧ ಒತ್ತಡವನ್ನು ಲಾರ್ಡ್ ರ‍್ಯಾಲೆ 1917ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಇಂಥ ಗುಂಡಿಗಳನ್ನು ತುಂಬಿಸಿದರಷ್ಟೇ ಸಾಲದು. ವೇಗ ತಗ್ಗಿಸದಿದ್ದರೆ ಅಥವಾ ತಕ್ಕ ಪ್ರೊಪೆಲ್ಲರ್ ಹಾಕದಿದ್ದರೆ ಮತ್ತೆ ಅಲ್ಲೇ ಗುಂಡಿ ಬೀಳುತ್ತದೆ.

ಇವೆಲ್ಲ ಯಾಂತ್ರಿಕ ಹಾನಿ. ಸಂಕ್ಷಾರಣ, ಅಂದರೆ ರಾಸಾಯನಿಕವಾಗಿ ಲೋಹ ನಶಿಸುವುದು, ಬೇರೆ ಕಥೆ. ದೋಣಿಗಳಲ್ಲಿ ಹೆಚ್ಚಾಗಿ ಬಳಸುವ ‘ಮ್ಯಾಂಗನೀಸ್ ಕಂಚು’ ಹೆಸರಿಗೆ ಮಾತ್ರ ಕಂಚು. ಅದು ಶೇಕಡ 40ರಷ್ಟು ಸತುವಿರುವ ಹಿತ್ತಾಳೆ. ಮ್ಯಾಂಗನೀಸ್ ಅದರಲ್ಲಿ ಅತ್ಯಲ್ಪ. ವರ್ಷಗಟ್ಟಲೆ ನೀರಿನಲ್ಲಿದ್ದರೆ ಸತು ಕರಗಿಹೋಗಿ ರಂಧ್ರಮಯ ತಾಮ್ರ ಉಳಿಯಬಹುದು. ಆಕಾರ, ದಪ್ಪ ಎರಡೂ ಬದಲಾಗಿರುವುದಿಲ್ಲ, ಆದರೆ ಬಲ ಹೋಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಇದೇ, ಏಕೆಂದರೆ ಅಳತೆಗೆ ಇದು ಸಿಗುವುದಿಲ್ಲ. ಸ್ವಲ್ಪ ಕೆರೆದು ನೋಡಿ: ಹಳದಿ ಹೊಳಪಿನ ಬದಲು ಗುಲಾಬಿ-ಕೆಂಪು ಕಂಡರೆ ಅನುಮಾನಿಸಿ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಅಲಗು ಗಂಟೆಯಂತೆ ನಾದ ಕೊಡುತ್ತದೆ. ಕೆಟ್ಟದ್ದು ಒಡಕು ಮಡಕೆಯಂತೆ ‘ದಬ್’ ಎನ್ನುತ್ತದೆ. ಅಂಥದ್ದನ್ನು ಬೆಸುಗೆ ಹಾಕಿ ಉಳಿಸುವ ಯತ್ನ ಬೇಡ, ಬದಲಿಸಿ.

ಇನ್ನೊಂದು ವಿಚಿತ್ರ. ಪ್ರೊಪೆಲ್ಲರ್ ಚೆನ್ನಾಗಿದ್ದು, ಪಕ್ಕದ ಕಬ್ಬಿಣದ ತಗಡೋ ಚುಕ್ಕಾಣಿಯೋ ತಿಂದುಹೋಗಿರುವುದುಂಟು. ತಾಮ್ರದ ಮಿಶ್ರಲೋಹ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿ ನೀರಿನಲ್ಲಿದ್ದರೆ ವಿದ್ಯುತ್ಕೋಶವಾಗುತ್ತದೆ; ನಶಿಸುವುದು ಕಬ್ಬಿಣ. ಅದನ್ನು ಉಳಿಸಲು, ತಾನೇ ಕರಗುವ ಲೋಹದ ತುಂಡನ್ನು ಆನೋಡಾಗಿ ಕಟ್ಟುತ್ತಾರೆ. ಸಮುದ್ರದಲ್ಲಿ ಸತು ಸರಿ; ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ನಿಷ್ಕ್ರಿಯವಾಗಬಹುದು, ಅಲ್ಲಿಗೆ ಮೆಗ್ನೀಸಿಯಮ್ ಸೂಕ್ತ. ಆನೋಡ್ ವರ್ಷವಾದರೂ ಕರಗಿಲ್ಲವೆಂದು ಹಿಗ್ಗಬೇಡಿ, ಅದು ಕೆಲಸವನ್ನೇ ಮಾಡಿಲ್ಲ ಎಂದರ್ಥ.

ಕೊನೆಗೆ ಅಳತೆ. ಕೇಂದ್ರದಿಂದ ತ್ರಿಜ್ಯದ 0.7 ಭಾಗದಲ್ಲಿ (ನಮ್ಮ ಉದಾಹರಣೆಯಲ್ಲಿ 17.5 ಸೆಂಮೀ) ಪ್ರತಿ ಅಲಗಿನ ದಪ್ಪವನ್ನೂ ಅಂಚಿನಿಂದ ಒಂದೇ ದೂರದಲ್ಲಿ ಕ್ಯಾಲಿಪರ್‌ನಿಂದ ಅಳೆದು ಹೋಲಿಸಿ. ವ್ಯತ್ಯಾಸವೇಕೆ ಮುಖ್ಯ? ಒಂದು ಅಲಗು, ಕೇಂದ್ರದಿಂದ 20 ಸೆಂಮೀ ದೂರದಲ್ಲಿ 100 ಗ್ರಾಂ ಕಳೆದುಕೊಂಡರೆ, 900 ಸುತ್ತಿನ ವೇಗದಲ್ಲಿ ಶಾಫ್ಟನ್ನು ಪಕ್ಕಕ್ಕೆಳೆಯುವ ಬಲ ಸುಮಾರು 178 ನ್ಯೂಟನ್. ಹದಿನೆಂಟು ಕಿಲೋ ಭಾರ, ಸೆಕೆಂಡಿಗೆ 15 ಬಾರಿ ದಿಕ್ಕು ಬದಲಿಸುತ್ತ ಜಗ್ಗಿದಂತೆ! ಬೇರಿಂಗ್ ಸವೆದು, ಶಾಫ್ಟ್ ಹೊರಬರುವಲ್ಲಿ ನೀರು ಒಳಕ್ಕೆ ಜಿನುಗಲು ಇದೇ ದಾರಿ.

ತರಗತಿಯಲ್ಲಿ ಇದರ ಒಂದು ಭಾಗವನ್ನು ತೋರಿಸಬಹುದು. ಎರಡು ಗಾಜಿನ ಲೋಟಗಳಲ್ಲಿ ಬಾವಿ ನೀರು ತುಂಬಿ, ಒಂದಕ್ಕೆ ಎರಡು ಚಮಚ ಉಪ್ಪು ಬೆರೆಸಿ. ಪ್ರತಿಯೊಂದರಲ್ಲೂ ಕಬ್ಬಿಣದ ಮೊಳೆ ಮತ್ತು ತಾಮ್ರದ ತಂತಿ ಇಟ್ಟು ಮಿಲಿಆಮೀಟರ್ ಮೂಲಕ ಜೋಡಿಸಿ. ಯಾವುದರಲ್ಲಿ ವಿದ್ಯುತ್ ಹೆಚ್ಚು ಎಂದು ಗುರುತು ಮಾಡಿಕೊಳ್ಳಿ. ಮೀಟರ್ ತೆಗೆದು ಮೊಳೆಗೂ ತಂತಿಗೂ ನೇರ ಜೋಡಣೆ ಕೊಟ್ಟು ವಾರ ಬಿಡಿ. ಮೂರನೆಯ ಲೋಟದಲ್ಲಿ ಮೊಳೆಗೆ ಮೆಗ್ನೀಸಿಯಮ್ ಪಟ್ಟಿಯನ್ನೂ ಸುತ್ತಿಡಿ. ತುಕ್ಕನ್ನು ಹೋಲಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡಬಹುದು.