ತರುಣರ ಮನೋವ್ಯಾಧಿ ಮತ್ತು ವಿದ್ಯಾಸಂಸ್ಥೆಯ ಹೊಣೆ

ಶರೀರಕ್ಕೆ ಜ್ವರ ಬಂದರೆ ಅದನ್ನು ಯಾರೂ ಬಚ್ಚಿಡುವುದಿಲ್ಲ. ಮನೆಯವರು ಕಷಾಯ ಕಾಸುತ್ತಾರೆ; ನೆರೆಯವರು ಬಂದು ವಿಚಾರಿಸುತ್ತಾರೆ; ಗುಣವಾಗದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಮನಸ್ಸಿಗೆ ರೋಗ ಬಂದಾಗಲಾದರೋ ಮನೆಯ ಕದವೇ ಮೊದಲು ಮುಚ್ಚಿಕೊಳ್ಳುತ್ತದೆ. ರೋಗಿಯು ತರುಣನೋ ತರುಣಿಯೋ ಆಗಿದ್ದರೆ ಈ ಮುಚ್ಚುಮರೆ ಇಮ್ಮಡಿಯಾಗುತ್ತದೆ. ಓದು ನಿಂತೀತೆಂಬ ಅಂಜಿಕೆ, ಮದುವೆಯ ಮಾತು ಮುರಿದೀತೆಂಬ ಅಂಜಿಕೆ, ಮನೆತನಕ್ಕೆ ಹೆಸರು ಬಂದೀತೆಂಬ ಅಂಜಿಕೆ. ಈ ಅಂಜಿಕೆಯಲ್ಲಿ ವ್ಯರ್ಥವಾಗುವ ತಿಂಗಳುಗಳೇ ಚಿಕಿತ್ಸೆಗೆ ಅತ್ಯಂತ ಅನುಕೂಲವಾದ ಕಾಲವೆಂಬುದು ಹಲವರಿಗೆ ತಿಳಿಯದು.

ಮನೋವ್ಯಾಧಿಯನ್ನು ರೋಗವೆಂದೇ ಕಾಣುವ ದೃಷ್ಟಿ ನಮ್ಮ ನಾಡಿಗೆ ಹೊಸದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉನ್ಮಾದಕ್ಕೂ ಅಪಸ್ಮಾರಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ. ಬೆಂಗಳೂರಿನ ಹುಚ್ಚರ ಆಸ್ಪತ್ರೆಗೆ ಮೈಸೂರು ಸರ್ಕಾರವು 1925ರಲ್ಲಿಯೇ ಆ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆಯೆಂದು ಕರೆಯಿತು. 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಈ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೂ ನಮ್ಮ ಆಡುಮಾತು ಮುಂದೆ ಸಾಗಲಿಲ್ಲ. ನಾಟಕದ ಹುಚ್ಚು, ಓದಿನ ಹುಚ್ಚು, ಹಣದ ಹುಚ್ಚು ಎನ್ನುವ ಅದೇ ನಾಲಗೆ ರೋಗಿಯನ್ನೂ ಹುಚ್ಚನೆನ್ನುತ್ತದೆ. ಎಲ್ಲವನ್ನೂ ಹೇಳುವ ಪದ ಯಾವುದನ್ನೂ ತಿಳಿಸದು. ಆ ಪದಕ್ಕೆ ಹೆದರಿದ ಹುಡುಗ ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರ.

ಈ ವಿಷಯ ವಿದ್ಯಾಶಾಲೆಗೆ ಏಕೆ ಮುಖ್ಯವೆಂಬುದಕ್ಕೆ ಉತ್ತರ ವಯಸ್ಸಿನಲ್ಲಿದೆ. ಮನೋವ್ಯಾಧಿಗಳಲ್ಲಿ ಸುಮಾರು ಅರ್ಧದಷ್ಟು 14ನೆಯ ವಯಸ್ಸಿನೊಳಗೆ ಮೊದಲಾಗುತ್ತವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇಕಡಾ 7.3 ಮಂದಿಯಲ್ಲಿ ಇಂಥ ತೊಂದರೆ ಕಂಡುಬಂದಿತು. ಈ ಲೆಕ್ಕದಂತೆ ಐವತ್ತು ಮಕ್ಕಳ ತರಗತಿಯಲ್ಲಿ ಮೂವರೋ ನಾಲ್ವರೋ ಇರಬಹುದು. ಹಾಜರಿ ಕೂಗುವಾಗ ನಾವು ದಿನವೂ ಅವರ ಹೆಸರನ್ನು ಹೇಳುತ್ತಿರುತ್ತೇವೆ.

ಇವರನ್ನು ಗುರುತಿಸುವ ಬಗೆ ಹೇಗೆ? ಖಿನ್ನತೆಯಿಂದ ಬಳಲುವ ಬಾಲಕನು ಸದಾ ಅಳುತ್ತಿರುವನೆಂದು ಭಾವಿಸಬಾರದು. ಅವನು ಸಿಡುಕನಾಗಬಹುದು; ಮೆಚ್ಚಿನ ಆಟವನ್ನು ಬಿಡಬಹುದು; ನಿದ್ರೆಯಲ್ಲಿ, ಊಟದಲ್ಲಿ, ಅಂಕಗಳಲ್ಲಿ ವ್ಯತ್ಯಾಸ ತೋರಬಹುದು. ಒಂದೆರಡು ದಿನದ ಬೇಸರ ಎಲ್ಲರಿಗೂ ಉಂಟು. ಎರಡು ವಾರ ಕಳೆದರೂ ಬಿಡದ ಬೇಸರಕ್ಕೆ ಬೇರೆ ಅರ್ಥವಿದೆ. ಆತಂಕವಿರುವವನಿಗೆ ಪರೀಕ್ಷೆ ಬಂತೆಂದರೆ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ನೋಯುತ್ತದೆ. ಅದು ನೆಪವಲ್ಲ, ನಿಜವಾದ ನೋವು. ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯು ಬಹುಮಟ್ಟಿಗೆ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ವಯೋಮಾನದಲ್ಲಿ ಕಾಣಿಸಿಕೊಳ್ಳುತ್ತದೆ. ಯಾರಿಗೂ ಕೇಳದ ಧ್ವನಿ ಕೇಳುವುದು, ಎಲ್ಲರೂ ತನ್ನ ವಿರುದ್ಧ ಹೂಡುತ್ತಿದ್ದಾರೆಂಬ ಬಲವಾದ ಸಂದೇಹ, ಸ್ನಾನ–ಉಡುಪುಗಳಲ್ಲಿ ಉದಾಸೀನ, ಇವು ಅದರ ಲಕ್ಷಣಗಳು. ಇವುಗಳನ್ನು ಸೋಮಾರಿತನವೆಂದೋ ಉದ್ಧಟತನವೆಂದೋ ಬಗೆದು ದಂಡಿಸಿದರೆ ರೋಗ ಹೋಗದು, ನಂಬಿಕೆ ಹೋಗುತ್ತದೆ.

ಇಂಥ ವಿದ್ಯಾರ್ಥಿಯನ್ನು ಏಕಾಂತದಲ್ಲಿ ಕರೆದು, ಉಪದೇಶಕ್ಕೆ ತೊಡಗದೆ, ಅವನ ಮಾತನ್ನು ಪೂರ್ಣ ಕೇಳುವುದು ಶಿಕ್ಷಕನ ಮೊದಲ ಕರ್ತವ್ಯ. ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದೆಂಬ ಭಯ ನಿರಾಧಾರವಾದುದು. ಕೇಳುವುದರಿಂದ ಎದೆಯ ಭಾರ ಇಳಿಯುತ್ತದೆ. ಬಂದಿದೆಯೆಂದು ಅವನು ಒಪ್ಪಿದರೆ ಒಬ್ಬಂಟಿಯಾಗಿ ಬಿಡದೆ, ಪಾಲಕರಿಗೂ ವೈದ್ಯರಿಗೂ ಒಡನೆ ತಿಳಿಸತಕ್ಕದ್ದು. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಮೊದಲೇ ಮಾತು ಕೊಡಬಾರದು. ‘ಹೇಳಬೇಕಾದವರಿಗೆ ಮಾತ್ರ ಹೇಳುತ್ತೇನೆ’ ಎನ್ನಬೇಕು. ಸಹಪಾಠಿಗಳ ಮುಂದಾಗಲಿ ಶಿಕ್ಷಕರ ಕೊಠಡಿಯಲ್ಲಾಗಲಿ ಅದು ಹರಟೆಯ ವಸ್ತುವಾಗಲೇಕೂಡದು.

ನೆರವು ಈಗ ದೂರದಲ್ಲಿಲ್ಲ. ಜಿಲ್ಲೆಯನ್ನೇ ಘಟಕವಾಗಿ ಹಿಡಿದು ಮನೋಚಿಕಿತ್ಸೆ ನೀಡುವ ಪ್ರಯೋಗ ಮೊದಲು ನಡೆದದ್ದು 1980ರ ದಶಕದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದರ ಮಾದರಿಯಲ್ಲಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಹಬ್ಬಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯನ್ನು ರೋಗಿಯ ಹಕ್ಕೆಂದು ಸಾರಿದೆ. ಅವನ ವಿವರವನ್ನು ಗೋಪ್ಯವಾಗಿಡಬೇಕೆಂದಿದೆ. ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ.

ಚಿಕಿತ್ಸೆಯ ವಿಷಯದಲ್ಲಿ ಎರಡು ಮಾತು. ಖಿನ್ನತೆಯ ಔಷಧವು ಫಲ ತೋರಲು ಕೆಲವು ವಾರಗಳು ಬೇಕು. ‘ನಾಲ್ಕು ದಿನ ನುಂಗಿದೆ, ಏನೂ ಆಗಲಿಲ್ಲ’ ಎಂದು ಬಿಡುವುದೂ, ಗುಣ ಕಂಡೊಡನೆ ತಾವಾಗಿ ನಿಲ್ಲಿಸುವುದೂ ಎರಡೂ ತಪ್ಪು. ಔಷಧವೊಂದೇ ಅಲ್ಲ, ತರಬೇತಿ ಪಡೆದವರೊಡನೆ ನಡೆಸುವ ಆಪ್ತಸಮಾಲೋಚನೆಯೂ ಚಿಕಿತ್ಸೆಯೇ. ಸೌಮ್ಯವಾದ ತೊಂದರೆಗಳಲ್ಲಿ ಅದೊಂದೇ ಸಾಕಾಗುವುದೂ ಉಂಟು.

ಮಠಕ್ಕೆ ಬರುವ ಭಕ್ತರು ವಿಭೂತಿಯನ್ನೂ ಆಶೀರ್ವಾದವನ್ನೂ ಬೇಡುವುದು ಸಹಜ. ಪೂಜೆಯಿಂದ ಧೈರ್ಯ ಬರುತ್ತದೆ. ಧೈರ್ಯವು ರೋಗಿಗೆ ಬೇಕು. ಆದರೆ ಪೂಜೆಯ ಹೆಸರಿನಲ್ಲಿ ಗುಳಿಗೆಯನ್ನು ಎಸೆಯುವುದು ಭಕ್ತಿಯಲ್ಲ. ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನ ಎಂಬುದು ನಮ್ಮ ಸಂಪ್ರದಾಯ. ಲಿಂಗಕ್ಕೆ ಅರ್ಪಿಸಬೇಕಾದ ಮನಸ್ಸು ನೊಂದಿರುವಾಗ ಅದನ್ನು ಸ್ವಸ್ಥಗೊಳಿಸುವುದೂ ಆ ಅರ್ಪಣೆಯ ಅಂಗವೇ ಆಗಿದೆ. ‘ಆಸ್ಪತ್ರೆಗೆ ಹೋಗಿ ಬಾ, ಮಗು’ ಎಂದು ಗುರುಪೀಠದಿಂದ ಹೊರಡುವ ಒಂದು ಮಾತು ನೂರು ವೈದ್ಯರ ಮಾತಿಗಿಂತ ಬೇಗನೆ ಹಳ್ಳಿಯ ತಾಯಿತಂದೆಗಳ ಸಂಕೋಚವನ್ನು ಕಳೆಯಬಲ್ಲುದು.

ನೂರಕ್ಕೆ ಕಡಮೆಯಿಲ್ಲದಷ್ಟು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನಾದರೂ ನೇಮಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ ನಿರ್ದೇಶಿಸಿದೆ. ನ್ಯಾಯಾಲಯ ಹೇಳಿತೆಂದು ಮಾಡುವ ಕಾರ್ಯ ಇದಲ್ಲ. ತಾಯಿತಂದೆಗಳನ್ನು ಬಿಟ್ಟು ಬಂದ ಮಕ್ಕಳು ಪ್ರಸಾದನಿಲಯದಲ್ಲಿ ಉಣ್ಣುತ್ತಾರೆ, ಮಲಗುತ್ತಾರೆ; ಅವರ ಹೊಟ್ಟೆಯ ಚಿಂತೆಯನ್ನು ದಾನಿಗಳು ವಹಿಸಿಕೊಂಡಿದ್ದಾರೆ. ಕಟ್ಟಡಕ್ಕೆ ಕಲ್ಲು ಕೊಡುವ ಕೈಗಳು ಸಮಾಲೋಚಕರೊಬ್ಬರ ವೇತನವನ್ನೂ ವಹಿಸಿದರೆ ಅದು ಕಣ್ಣಿಗೆ ಕಾಣದ ದಾಸೋಹವಾದೀತು. ಹಳೆಯ ವಿದ್ಯಾರ್ಥಿಗಳಲ್ಲಿ ಚಿಕಿತ್ಸೆ ಪಡೆದು ಚೆನ್ನಾಗಿರುವವರು, ತಮಗೆ ಇಷ್ಟವಿದ್ದಲ್ಲಿ, ಒಂದು ದಿನ ಬಂದು ಮಕ್ಕಳೆದುರು ಆ ಮಾತನ್ನು ಹೇಳಲಿ. ನಮ್ಮ ಉಪನ್ಯಾಸಗಳಿಗೆ ಸಾಧ್ಯವಾಗದ್ದು ಅವರ ಎರಡು ಮಾತಿಗೆ ಸಾಧ್ಯವಾಗುತ್ತದೆ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಹುಡುಗನಿಗೆ, ತಾನು ಒಬ್ಬನೇ ಅಲ್ಲವೆಂಬುದು ಆಗ ತಿಳಿಯುತ್ತದೆ.