ಕೆಚ್ಚಲು ಬಾವು ಕಣ್ಣಿಗೆ ಕಾಣುವ ಮೊದಲು

ಕೆಚ್ಚಲು ಊದಿ ಕೆಂಪಾಗಿ, ಕೈ ತಾಗಿಸಿದರೆ ಹಸು ಒದೆಯುವಂತಾಗಿ, ಹಾಲಿನಲ್ಲಿ ಗರಣೆ ಕಾಣಿಸಿದಾಗ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ಅಷ್ಟು ಹೊತ್ತಿಗೆ ರೋಗ ಬಂದು ಎಷ್ಟೋ ದಿನವಾಗಿರಬಹುದು. ಕೆಚ್ಚಲು ಬಾವಿನಲ್ಲಿ ಹೆಚ್ಚಿನ ಪಾಲು ಹೊರಗೆ ಏನೂ ತೋರಿಸದ ಬಗೆಯದು. ಹಾಲು ಬೆಳ್ಳಗೇ ಇರುತ್ತದೆ, ಕೆಚ್ಚಲು ಮೆತ್ತಗಿರುತ್ತದೆ, ಹಸು ಮೇವು ತಿನ್ನುತ್ತದೆ. ದಿನಕ್ಕೆ ಒಂದೋ ಎರಡೋ ಲೀಟರ್ ಕಡಿಮೆಯಾದರೆ ಮೇವು ಸಾಲದೇನೋ, ಬಿಸಿಲೇನೋ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರಿಗೆ ಸಿಕ್ಕ ಉತ್ತರ ಗಾಬರಿ ಹುಟ್ಟಿಸುವಂಥದ್ದು: ಪರೀಕ್ಷಿಸಿದ ಕರೆಯುವ ಹಸುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಈ ಮರೆಯ ಬಾವು ಇತ್ತು.

ಇದನ್ನು ಅಳೆಯುವುದು ಹಾಲಿನಲ್ಲಿರುವ ಜೀವಕೋಶಗಳ ಲೆಕ್ಕದಿಂದ. ಈ ಕೋಶಗಳಲ್ಲಿ ಹೆಚ್ಚಿನವು ರೋಗಾಣುಗಳ ಮೇಲೆ ಬೀಳಲು ರಕ್ತದಿಂದ ಇಳಿದು ಬಂದ ಬಿಳಿ ರಕ್ತಕಣಗಳು. ಆರೋಗ್ಯವಂತ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಅವು ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆ. 2 ಲಕ್ಷ ದಾಟಿದರೆ ಒಳಗೆ ಸೋಂಕಿದೆ ಎಂದು ಹಿಡಿಯುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ಮಾರುವ ಹಾಲಿನ ಮಿತಿ 4 ಲಕ್ಷ, ಅಮೆರಿಕದಲ್ಲಿ ಏಳೂವರೆ ಲಕ್ಷ. ನಮ್ಮ ಊರಿನ ಡೇರಿಯಲ್ಲಿ ಹಣ ಎಣಿಸುವುದು ಫ್ಯಾಟು ಮತ್ತು ಕೊಬ್ಬಲ್ಲದ ಘನಾಂಶ ಅಂದರೆ ಎಸ್‌ಎನ್‌ಎಫ್ ನೋಡಿ. ಹಾಗಾಗಿ ರೈತನ ಚೀಟಿಯಲ್ಲಿ ಈ ಲೆಕ್ಕ ಕಾಣುವುದೇ ಇಲ್ಲ. ಬಾವು ಬಂದ ಭಾಗದಲ್ಲಿ ಹಾಲಿನ ಸಕ್ಕರೆ ಕುಗ್ಗಿ ಉಪ್ಪಿನಂಶ ಏರುತ್ತದೆ, ರುಚಿ ಕೊಂಚ ಉಪ್ಪಾಗುತ್ತದೆ. ಎಸ್‌ಎನ್‌ಎಫ್ ಕಾರಣವಿಲ್ಲದೆ ಇಳಿಯುತ್ತಾ ಬಂದರೆ ಡೇರಿ ಕಾರ್ಯದರ್ಶಿಯ ಜತೆ ಜಗಳಕ್ಕೆ ನಿಲ್ಲುವ ಮೊದಲು ಕೆಚ್ಚಲನ್ನು ಪರೀಕ್ಷಿಸುವುದು ಒಳ್ಳೆಯದು.

ರೋಗಾಣು ಒಳಗೆ ಹೋಗುವುದು ಬಹುಪಾಲು ಒಂದೇ ದಾರಿಯಲ್ಲಿ, ತೊಟ್ಟಿನ ತುದಿಯ ರಂಧ್ರದ ಮೂಲಕ. ಈ ನಾಳ ಉದ್ದದಲ್ಲಿ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಒಳಗೋಡೆಗೆ ಕೆರಾಟಿನ್ ಎಂಬ ಮೇಣದಂಥ ಪದರ ಅಂಟಿಕೊಂಡಿರುತ್ತದೆ, ಸುತ್ತ ಬಿಗಿಯುವ ಸ್ನಾಯುವಿನ ಉಂಗುರವಿರುತ್ತದೆ. ಎರಡು ಹೊತ್ತಿನ ನಡುವೆ ಈ ಉಂಗುರ ಬಾಗಿಲು ಮುಚ್ಚಿ ಕಾಯುತ್ತದೆ. ಹಾಲು ಕರೆದಾಗ ಸಡಿಲಗೊಂಡದ್ದು ಕರೆದು ಮುಗಿಸಿದ ಕೂಡಲೇ ಬಿಗಿಯುವುದಿಲ್ಲ. ಪೂರ್ತಿ ಮುಚ್ಚಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಹಾಲು ಕೊಟ್ಟು ದಣಿದ ಹಸು ಆ ಹೊತ್ತಿನಲ್ಲೇ ಸಗಣಿ ಗಂಜಲದ ನೆಲದ ಮೇಲೆ ಮಲಗಿದರೆ ತೆರೆದ ರಂಧ್ರ ನೇರವಾಗಿ ಕೊಳೆಗೆ ತಾಗುತ್ತದೆ. ಈ ರೋಗದ ತಡೆಗಟ್ಟುವಿಕೆಯಲ್ಲಿ ಅರ್ಧ ಕೆಲಸ ಇಲ್ಲೇ ಆಗಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಬೂಸಾ, ಹಿಂಡಿ, ಹಸಿ ಹುಲ್ಲನ್ನು ಕರೆಯುವ ಮೊದಲೇ ಮುಗಿಸಿಬಿಡದೆ ಒಂದು ಪಾಲನ್ನು ಕರೆದಾದ ಮೇಲೆ ಗೊಂತಿಗೆ ಹಾಕಿ. ಹಸು ತಿನ್ನುತ್ತಾ ನಿಂತೇ ಇರುತ್ತದೆ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಇದರ ಜತೆಗೆ ಬೇಕಾದದ್ದು ತೊಟ್ಟು ಅದ್ದುವುದು. ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1960ರ ದಶಕದಲ್ಲಿ ರೂಪಿಸಿದ ಐದು ಅಂಶಗಳ ಯೋಜನೆಯಲ್ಲಿ ಇದೂ ಒಂದು. ಇಂದಿಗೂ ಅದನ್ನು ಮೀರಿಸಿದ ಸುಲಭ ಉಪಾಯ ಬಂದಿಲ್ಲ. ಅರ್ಧ ಶೇಕಡಾ ಅಯೋಡಿನ್ ಇದ್ದು, ತೊಟ್ಟಿನ ಚರ್ಮ ಬಿರಿಯದಂತೆ ಗ್ಲಿಸರಿನ್ ಬೆರೆಸಿದ ದ್ರಾವಣ ಪಶು ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಸಣ್ಣ ಬಟ್ಟಲಿಗೆ ಸುರಿದು, ಕರೆದ ಕೂಡಲೇ ನಾಲ್ಕೂ ತೊಟ್ಟುಗಳನ್ನು ಮುಕ್ಕಾಲು ಪಾಲು ಮುಳುಗುವಂತೆ ಅದ್ದಿ ತೆಗೆಯಬೇಕು. ಬಟ್ಟಲಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಹಾಕಬಾರದು. ಮರು ಹೊತ್ತು ಕರೆಯುವ ಮೊದಲು ತೊಟ್ಟನ್ನು ಚೆನ್ನಾಗಿ ಒರೆಸಬೇಕು.

ಕರೆಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಹೆಬ್ಬೆರಳನ್ನು ಮಡಚಿ ಅದರ ಗೆಣ್ಣಿಗೆ ತೊಟ್ಟನ್ನು ಒತ್ತಿ ಎಳೆಯುವ ರೂಢಿ ಬಹಳ. ವರ್ಷಗಟ್ಟಲೆ ಹೀಗೆ ಒತ್ತಿದ ತೊಟ್ಟಿನ ಒಳಪದರ ಗಾಯಗೊಂಡು ಗಂಟುಗಟ್ಟುತ್ತದೆ, ರೋಗಾಣುಗಳಿಗೆ ನೆಲೆಯಾಗುತ್ತದೆ. ಐದೂ ಬೆರಳಿನ ಮುಷ್ಟಿಯಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಬೆರಳು ಮುಚ್ಚುತ್ತಾ ಬರುವುದು ಸರಿಯಾದ ರೀತಿ. ಕೈಗೆ ಹಾಲು ಹಚ್ಚಿಕೊಂಡು ಕರೆಯುವುದು ಬೇಡ, ಒಂದು ಹಸುವಿನ ರೋಗ ಇನ್ನೊಂದಕ್ಕೆ ಹೋಗುವುದೇ ಹಾಗೆ. ಇಡೀ ಕೆಚ್ಚಲಿಗೆ ನೀರು ಎರಚಿ ಹಾಗೇ ಬಿಟ್ಟರೆ ಕೊಳೆನೀರು ತೊಟ್ಟಿನ ತುದಿಗೇ ಇಳಿಯುತ್ತದೆ. ತೊಟ್ಟುಗಳನ್ನಷ್ಟೇ ತೊಳೆದು, ಪ್ರತಿ ಹಸುವಿಗೂ ಬೇರೆ ಒಣಬಟ್ಟೆಯಿಂದ ಒರೆಸಬೇಕು. ಆ ಸ್ಪರ್ಶಕ್ಕೆ ಮಿದುಳಿನಿಂದ ಆಕ್ಸಿಟೋಸಿನ್ ಬಿಡುಗಡೆಯಾಗಿ ಸುಮಾರು ಒಂದು ನಿಮಿಷದಲ್ಲಿ ಹಸು ಸೊರೆ ಬಿಡುತ್ತದೆ. ಆ ಪ್ರಭಾವ ಐದರಿಂದ ಏಳು ನಿಮಿಷ ಇರುತ್ತದೆ, ಅಷ್ಟರೊಳಗೆ ಕರೆದು ಮುಗಿಸಬೇಕು. ಮೊದಲು ಚೊಚ್ಚಲ ಹಸು, ಆಮೇಲೆ ಆರೋಗ್ಯದ ಹಸುಗಳು, ಬಾವು ಬಂದ ಹಸು ಕೊನೆಗೆ.

ಇಷ್ಟನ್ನೂ ಮಾಡಬೇಕಾದ ಕೈಗಳು ಬಹುಪಾಲು ಮನೆಗಳಲ್ಲಿ ಹೆಂಗಸರವು. ಹೈನುಗಾರಿಕೆ ತರಬೇತಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಗಂಡಸರ ಸಹಿಗಳೇ ಹೆಚ್ಚಿರುತ್ತವೆ. ಹಾಲು ಕರೆಯುವವರನ್ನೇ ಕರೆದು ಕೂರಿಸದ ತರಬೇತಿಯಿಂದ ಕೆಚ್ಚಲಿಗೆ ಏನೂ ಆಗುವುದಿಲ್ಲ.

ಯಂತ್ರದಿಂದ ಕರೆಯುವವರು ಇನ್ನೊಂದು ಸಂಗತಿ ತಿಳಿದಿರಬೇಕು. 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್ ಮತ್ತು ಕಾನ್ಸಾಸ್‌ನ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರದ ವೈರಾಣು ಪತ್ತೆಯಾಯಿತು. ಹಸುಗಳು ಮೇವು ಬಿಟ್ಟವು, ಹಾಲು ಕುಸಿಯಿತು, ಬಂದ ಹಾಲು ಗಿಣ್ಣಿನ ಹಾಗೆ ಹಳದಿಯಾಗಿ ಮಂದವಾಗಿತ್ತು. ಶ್ವಾಸಕೋಶದ ವೈರಾಣು ಎಂದು ಎಲ್ಲರೂ ತಿಳಿದಿದ್ದ ಅದು ಹಸುವಿನಲ್ಲಿ ಕೆಚ್ಚಲನ್ನೇ ನೆಲೆ ಮಾಡಿಕೊಂಡಿತ್ತು. ಅದಕ್ಕೆ ಅಂಟಿಕೊಳ್ಳಲು ಬೇಕಾದ ಗ್ರಾಹಿಗಳು ಅಲ್ಲಿನ ಕೋಶಗಳ ಮೇಲೆ ಧಾರಾಳವಾಗಿ ಇರುವುದನ್ನು ಸಂಶೋಧಕರು ಕಂಡರು. ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡಲು ಹಾಲು ಕರೆಯುವ ಉಪಕರಣ ಮುಖ್ಯ ದಾರಿಯಾಯಿತು. ಆ ಹಾಲನ್ನು ಹಸಿಯಾಗಿಯೇ ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಪಾಶ್ಚರೀಕರಣದ ಕಾವಿಗೆ ಈ ವೈರಾಣು ಸಾಯುತ್ತದೆ. ಕೆಚ್ಚಲು ಕೆಟ್ಟ ಹಸುವಿನ ಹಸಿ ಹಾಲನ್ನು ಬೆಕ್ಕಿಗೋ ನಾಯಿಗೋ ಹಾಕುವ ಅಭ್ಯಾಸವನ್ನು ಬಿಡಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಈಗ ಮರೆಯ ಬಾವನ್ನು ಮನೆಯಲ್ಲೇ ಕಂಡುಹಿಡಿಯುವ ಪರೀಕ್ಷೆ. 1957ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಕರ್ ಶಾಮ್ ಮತ್ತು ಸಹೋದ್ಯೋಗಿ ಸಿದ್ಧಪಡಿಸಿದ ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ಇಂದಿಗೂ ಪಶುವೈದ್ಯರ ಚೀಲದಲ್ಲಿದೆ. ಅದರ ದ್ರಾವಣ ಮೂಲತಃ ಮಾರ್ಜಕ. ಕೋಶದ ಹೊರಪೊರೆ ಕೊಬ್ಬಿನಿಂದ ಆದದ್ದು, ಮಾರ್ಜಕ ಅದನ್ನು ಒಡೆಯುತ್ತದೆ. ಒಳಗಿನ ಡಿಎನ್‌ಎ ಎಳೆಗಳು ಹೊರಬಂದು ಸಿಕ್ಕುಗಟ್ಟಿ ಲೋಳೆಯಾಗುತ್ತವೆ. ಕೋಶ ಹೆಚ್ಚಿದ್ದಷ್ಟೂ ಲೋಳೆ ಗಟ್ಟಿ. ಇದೇ ತತ್ವದ ಮೇಲೆ, ಬಟ್ಟೆ ಒಗೆಯುವ ಪುಡಿಯನ್ನು ಬಳಸಿ ಮಾಡುವ ಅಗ್ಗದ ರೂಪವೊಂದನ್ನು ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಶ್ವವಿದ್ಯಾಲಯದವರು ಪರೀಕ್ಷಿಸಿ ತೋರಿಸಿದರು.

ಅರ್ಧ ಲೀಟರ್ ನೀರಿಗೆ 15 ಗ್ರಾಂ ಪುಡಿ ಕದಡಿ. ನಾಲ್ಕು ಸಣ್ಣ ಬಟ್ಟಲುಗಳನ್ನು ಕೆಚ್ಚಲಿನ ನಾಲ್ಕು ಭಾಗಗಳ ಜೋಡಣೆಯಲ್ಲೇ ಇಡಿ, ಯಾವುದು ಯಾವ ತೊಟ್ಟಿನದೆಂದು ತಪ್ಪಬಾರದು. ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಪಾತ್ರೆಗೆ ಬಿಡಿ, ನೆಲಕ್ಕೆ ಬಿಡಬೇಡಿ. ಆಮೇಲಿನ ಹಾಲನ್ನು ಒಂದೊಂದು ಬಟ್ಟಲಿಗೆ ಒಂದು ಚಮಚದಷ್ಟು ಹಿಡಿದು, ಅಷ್ಟೇ ಪ್ರಮಾಣದ ಪುಡಿನೀರು ಹಾಕಿ ಅರ್ಧ ನಿಮಿಷ ಮೆಲ್ಲಗೆ ತಿರುಗಿಸಿ. ನೀರಿನಂತೆ ಹರಿದಾಡಿದರೆ ಸರಿ. ಎಳೆಎಳೆಯಾಗಿ ಲೋಳೆ ಬಂದರೆ ಅನುಮಾನ. ಮೊಟ್ಟೆಯ ಬಿಳಿಯ ಹಾಗೆ ಒಟ್ಟಾಗಿ ಜಾರಿದರೆ ಆ ಭಾಗದಲ್ಲಿ ಬಾವು ಇದೆ. ಪರೀಕ್ಷಿಸಿದ ಹಾಲನ್ನು ಚೆಲ್ಲಿ, ಬಟ್ಟಲುಗಳನ್ನು ಅಡುಗೆಗೆ ಬಳಸಬೇಡಿ. ತಿಂಗಳಿಗೊಮ್ಮೆ ಮಾಡಿ ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿದರೂ ಸಾಕು, ಹಸುವಿನ ಚರಿತ್ರೆ ಕೈಯಲ್ಲಿರುತ್ತದೆ.

ಬಾವು ಗೊತ್ತಾದ ಕೂಡಲೇ ಆ್ಯಂಟಿಬಯಾಟಿಕ್ ಟ್ಯೂಬ್ ಹಾಕಬೇಕೆ? ಇತ್ತೀಚಿನ ಸಂಶೋಧನೆಯ ಗಮನವೆಲ್ಲ ಈ ಪ್ರಶ್ನೆಯ ಮೇಲಿದೆ. ಬಾವು ತರುವ ರೋಗಾಣುಗಳಲ್ಲಿ ಎರಡು ಬಗೆ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥವು ಹಸುವಿನಿಂದ ಹಸುವಿಗೆ ಕೈ, ಬಟ್ಟೆ, ಯಂತ್ರದ ಮೂಲಕ ದಾಟುತ್ತವೆ. ಅಂಗಾಂಶದೊಳಗೆ ಸಣ್ಣ ಸಣ್ಣ ಕೀವಿನ ಗೂಡು ಮಾಡಿಕೊಂಡು, ಕೆಲವೊಮ್ಮೆ ಕೋಶಗಳ ಒಳಗೇ ಅಡಗಿ ಕೂರುತ್ತವೆ, ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಈ. ಕೋಲಿಯಂಥವು ಸಗಣಿ, ಹಾಸುಗಳಿಂದ ಬರುತ್ತವೆ. ಹಸುವಿಗೆ ಜ್ವರವಿಲ್ಲದೆ ಬಾವು ಸೌಮ್ಯವಾಗಿದ್ದರೆ ಎಷ್ಟೋ ಸಲ ಹಸುವಿನ ಸ್ವಂತ ರಕ್ಷಣಾ ವ್ಯವಸ್ಥೆಯೇ ಇವನ್ನು ಮುಗಿಸುತ್ತದೆ. ಹಾಲು ಕೆಟ್ಟಿದ್ದರೂ ಕಲ್ಚರ್ ಮಾಡಿದಾಗ, ಅಂದರೆ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಿ ನೋಡಿದಾಗ, ಏನೂ ಬೆಳೆಯದ ಪ್ರಕರಣಗಳೂ ಬಹಳ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಸೌಮ್ಯ ಬಾವಿನ ಹಾಲನ್ನು ಒಂದು ದಿನ ಕಲ್ಚರ್ ಮಾಡಿ, ಅಗತ್ಯವಿದ್ದವಕ್ಕೆ ಮಾತ್ರ ಟ್ಯೂಬ್ ಹಾಕಿ ನೋಡಿತು. ಔಷಧದ ಬಳಕೆ ಸುಮಾರು ಅರ್ಧಕ್ಕಿಳಿಯಿತು, ಗುಣವಾಗುವುದರಲ್ಲಿ ಹಿನ್ನಡೆ ಕಾಣಲಿಲ್ಲ.

ನಮ್ಮಲ್ಲೂ ಕಲ್ಚರ್ ಪರೀಕ್ಷೆಗೆ ಕಳಿಸಬಹುದು, ಆದರೆ ಔಷಧ ಹಾಕುವ ಮೊದಲು. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಧಾರೆ ಬಿಟ್ಟು, ಕ್ರಿಮಿರಹಿತ ಬಾಟಲಿಯನ್ನು ಓರೆಯಾಗಿ ಹಿಡಿದು ಹಾಲು ತುಂಬಿ, ಐಸ್ ಜತೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಜ್ವರ ಬಂದು, ಮೇವು ಬಿಟ್ಟು, ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ ಕಾಯುವಂತಿಲ್ಲ, ಅದು ಪ್ರಾಣಕ್ಕೆ ಬರುವ ಬಾವು. ಅದೇ ಗಂಟೆಯಲ್ಲಿ ವೈದ್ಯರು ಬರಬೇಕು. ಔಷಧ ಹಾಕಿದ ಹಸುವಿನ ಹಾಲನ್ನು ಲೇಬಲ್ ಮೇಲೆ ಬರೆದಷ್ಟು ದಿನ ಡೇರಿಗೆ ಹಾಕಬಾರದು. ಕಾಯಿಸಿದರೆ ಹೋಗುತ್ತದೆ ಎಂಬ ನಂಬಿಕೆ ತಪ್ಪು, ಪೆನಿಸಿಲಿನ್ ಗುಂಪಿನ ಶೇಷ ಕುದಿತಕ್ಕೆ ಪೂರ್ತಿ ನಾಶವಾಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟುವುದಿಲ್ಲ, ಹೆಪ್ಪಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದಕ್ಕೆ ಸಾಯುತ್ತವೆ.

ಲೋಳೆಸರದ ಮದ್ದಿನ ಬಗ್ಗೆ ಬಹಳ ಜನ ಕೇಳುತ್ತಾರೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಜತೆಗೂಡಿ ಪ್ರಚಾರಕ್ಕೆ ತಂದ ಪಾಠ ಹೀಗಿದೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಮೂರನ್ನೂ ರುಬ್ಬಿದರೆ ಕೆಂಪಗಿನ ಮುದ್ದೆಯಾಗುತ್ತದೆ. ಒಂದು ಹಿಡಿಯನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಕೆಚ್ಚಲು ತೊಳೆದು, ಕೆಟ್ಟ ಹಾಲನ್ನು ಹಿಂಡಿ ತೆಗೆದು, ಇಡೀ ಕೆಚ್ಚಲಿಗೆ ದಿನಕ್ಕೆ ಹತ್ತು ಸಲದಂತೆ ಐದು ದಿನ ಹಚ್ಚಬೇಕು. ಸೌಮ್ಯ ಬಾವಿನಲ್ಲಿ ಹಲವು ಜಿಲ್ಲೆಗಳ ಹೈನುಗಾರರು ಇದರಿಂದ ಗುಣ ಕಂಡಿದ್ದಾರೆ. ಸೌಮ್ಯ ಬಾವು ತಾನಾಗಿಯೂ ವಾಸಿಯಾಗುವುದುಂಟು ಎಂಬುದನ್ನೂ ಇದರ ಜತೆ ನೆನಪಿಡಬೇಕು. ದಿನಕ್ಕೆ ಹತ್ತು ಸಲ ಕೆಚ್ಚಲು ಖಾಲಿ ಮಾಡಿ ನೋಡಿಕೊಳ್ಳುವ ಆ ಆರೈಕೆಯೇ ದೊಡ್ಡ ಉಪಕಾರ ಮಾಡುತ್ತದೆ. ಜ್ವರವಿರುವ ಹಸುವಿಗೆ ಇದೊಂದನ್ನೇ ನೆಚ್ಚಿ ಕೂರುವುದು ಅಪಾಯ.

ನಿಯಮಗಳೇ ಬದಲಾಗುವಷ್ಟು ಸಂಶೋಧನೆ ನಡೆದಿರುವುದು ಹಾಲು ಬತ್ತಿಸುವ ಹೊತ್ತಿನ ಬಗ್ಗೆ. ಈಯಲು ಎರಡು ತಿಂಗಳಿದ್ದಾಗ ಕರೆಯುವುದನ್ನು ನಿಲ್ಲಿಸಿ, ಎಲ್ಲ ಹಸುಗಳ ನಾಲ್ಕೂ ತೊಟ್ಟಿಗೆ ದೀರ್ಘಕಾಲದ ಆ್ಯಂಟಿಬಯಾಟಿಕ್ ತುಂಬುವುದು ದಶಕಗಳ ಪದ್ಧತಿ, ರೆಡಿಂಗ್‌ನ ಐದು ಅಂಶಗಳಲ್ಲಿ ಅದೂ ಇತ್ತು. ರೋಗವಿಲ್ಲದ ಕೆಚ್ಚಲಿಗೂ ಔಷಧ ತುಂಬುವುದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟಲು ದಾರಿಯಾಗುತ್ತದೆಂದು ನೆದರ್‌ಲ್ಯಾಂಡ್ಸ್ ಇದನ್ನು ನಿಲ್ಲಿಸಿತು. 2022ರ ಜನವರಿ 28ರಿಂದ ಇಡೀ ಐರೋಪ್ಯ ಒಕ್ಕೂಟದಲ್ಲಿ ಆ್ಯಂಟಿಬಯಾಟಿಕ್‌ಗಳ ವಾಡಿಕೆಯ ಬಳಕೆಗೆ ತಡೆ ಬಿದ್ದಿದೆ. ಸೋಂಕಿರುವ ಹಸುವಿಗಷ್ಟೇ ಔಷಧ, ಉಳಿದವಕ್ಕೆ ಬಿಸ್ಮತ್ ಲವಣದ ಮುಲಾಮಿನಂಥ ಸೀಲ್. ಸಹಜವಾಗಿ ಬತ್ತಿದ ತೊಟ್ಟಿನಲ್ಲಿ ಕೆರಾಟಿನ್ ಬಿರಡೆ ಕಟ್ಟಿಕೊಳ್ಳಬೇಕು. ಎಷ್ಟೋ ತೊಟ್ಟುಗಳಲ್ಲಿ ಅದು ವಾರಗಟ್ಟಲೆ ತಡವಾಗುತ್ತದೆ, ಹೆಚ್ಚು ಹಾಲಿದ್ದಾಗಲೇ ಬತ್ತಿಸಿದ ಹಸುವಿನಲ್ಲಂತೂ ಇನ್ನೂ ತಡ. ಸೀಲ್ ಮಾಡುವುದು ಆ ಬಿರಡೆಯ ಕೆಲಸವನ್ನೇ. ಮಿನ್ನೆಸೋಟದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲ ಹಸುಗಳಿಗೂ ಸೀಲ್ ಹಾಕಿ, ಆ್ಯಂಟಿಬಯಾಟಿಕ್ ಆಯ್ದು ಕೊಟ್ಟಾಗ ಅದರ ಬಳಕೆ ಅರ್ಧಕ್ಕಿಂತ ಹೆಚ್ಚು ತಗ್ಗಿತು, ಮುಂದಿನ ಕರಾವಿನ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎರಡು ಮೂರು ಹಸುಗಳ ನಮ್ಮ ಕೊಟ್ಟಿಗೆಗಳಲ್ಲಿ ಇದನ್ನು ಪಾಲಿಸಲು ಕಂಪ್ಯೂಟರ್ ದಾಖಲೆ ಬೇಕಿಲ್ಲ. ಬತ್ತಿಸುವ ಮೊದಲ ವಾರ ಪುಡಿನೀರಿನ ಪರೀಕ್ಷೆ ಮಾಡಿ, ಕ್ಯಾಲೆಂಡರಿನ ಗುರುತುಗಳ ಜತೆ ವೈದ್ಯರಿಗೆ ತೋರಿಸಿದರೆ ಯಾವ ಹಸುವಿಗೆ ಔಷಧ, ಯಾವುದಕ್ಕೆ ಸೀಲ್ ಎಂದು ಅವರು ತೀರ್ಮಾನಿಸುತ್ತಾರೆ. ಹಿಂಡಿಯನ್ನು ಮೊದಲೇ ತಗ್ಗಿಸಿ ಹಾಲು ಇಳಿಸಿಕೊಳ್ಳಿ. ಟ್ಯೂಬ್ ಹಾಕುವಾಗ ತೊಟ್ಟಿನ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ನಳಿಕೆಯನ್ನು ಮೂರು ನಾಲ್ಕು ಮಿಲಿಮೀಟರ್ ಮಾತ್ರ ಒಳಗೆ ಇಡಬೇಕು. ಪೂರ್ತಿ ತೂರಿಸಿದರೆ ಕೆರಾಟಿನ್ ಪದರ ಹರಿದು ಹೊರಗಿನ ಕೊಳೆ ಒಳಕ್ಕೆ ಹೋಗುತ್ತದೆ. ಹೊಸ ಸೋಂಕು ತಗಲುವ ಭಯ ಹೆಚ್ಚಿರುವುದು ಬತ್ತಿಸಿದ ಮೊದಲ ಎರಡು ವಾರ ಮತ್ತು ಈಯುವ ಮೊದಲಿನ ಎರಡು ವಾರ. ಆ ದಿನಗಳಲ್ಲಿ ಮಲಗುವ ಜಾಗ ಒಣಗಿರಲಿ. ಕೆಚ್ಚಲನ್ನು ದಿನವೂ ಕಣ್ಣಿಂದ ನೋಡಿ, ಹಿಂಡಿ ನೋಡಬೇಡಿ, ಕಟ್ಟಿದ ಬಿರಡೆ ಕಿತ್ತುಹೋಗುತ್ತದೆ. ಈದ ಮೇಲೆ ಗಿಣ್ಣು ಹಾಲಿನಲ್ಲಿ ಕೋಶಗಳು ಸಹಜವಾಗಿಯೇ ಹೆಚ್ಚಿರುತ್ತವೆ, ಪುಡಿನೀರು ಲೋಳೆಯಾದರೆ ಹೆದರಬೇಕಿಲ್ಲ. ಐದು ದಿನ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.