ಗುರುವಾರ ಬೆಳಗಿನ ಐದೂವರೆಗೆ ಬದಲಾಗುವ ಆಕಾಶ

28 ದಿನಕ್ಕೊಮ್ಮೆ ಒಂದು ಗುರುವಾರ ಬರುತ್ತದೆ. ಅಂದು ಬೆಳಗ್ಗೆ ನಮ್ಮ ಗಡಿಯಾರದಲ್ಲಿ ಐದೂವರೆ ಆಗುವಾಗ, ಅಂದರೆ ವಿಮಾನಲೋಕ ಅನುಸರಿಸುವ ಯುಟಿಸಿ ಸಮಯದಲ್ಲಿ ಸೊನ್ನೆ ಗಂಟೆಗೆ, ಆಕಾಶದ ದಾರಿಗಳು ಬದಲಾಗುತ್ತವೆ. ಹಿಂದಿನ ರಾತ್ರಿಯವರೆಗೆ ಸರಿಯಿದ್ದ ನಕ್ಷೆಯ ಹಾಳೆ ಈಗ ಸರಿಯಲ್ಲ. ಒಂದು ರೇಡಿಯೊ ತರಂಗಾಂತರ ಬದಲಾಗಿರಬಹುದು, ಒಂದು ರನ್‌ವೇ ಉದ್ದವಾಗಿರಬಹುದು, ವಿಮಾನ ಇಳಿಯುವ ದಾರಿಯ ಪಕ್ಕದಲ್ಲಿ ಹೊಸದೊಂದು ಗೋಪುರ ಎದ್ದಿರಬಹುದು. ಬೆಂಗಳೂರಿನ ಪೈಲಟ್, ದುಬೈನ ಪೈಲಟ್, ಫ್ರಾಂಕ್‌ಫರ್ಟ್‌ನ ಪೈಲಟ್ ಎಲ್ಲರೂ ಅದೇ ದಿನದಿಂದ ಹೊಸ ಹಾಳೆ ನೋಡಿಯೇ ಹಾರಬೇಕು. ಈ ಏರ್ಪಾಡಿನ ಹೆಸರು ಏರಾಕ್. 1964ರಿಂದ ನಡೆದುಬಂದಿರುವ ಇದು ವಿಮಾನಯಾನದ ಪಂಚಾಂಗ. ಯಾವ ಗುರುವಾರ ಏರಾಕ್ ದಿನವೆಂದು ವರ್ಷಗಳ ಮುಂಚೆಯೇ ಎಲ್ಲ ದೇಶಗಳಿಗೂ ಗೊತ್ತಿರುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಇಂಥ 13 ದಿನ ಬರುತ್ತವೆ. 2020ರಲ್ಲಿ ಮೊದಲನೆಯದು ಜನವರಿ 2ಕ್ಕೇ ಬಂದದ್ದರಿಂದ ಡಿಸೆಂಬರ್ 31ಕ್ಕೆ ಹದಿನಾಲ್ಕನೆಯದೂ ಬಂತು.

ನಾನು ವಿಮಾನ ಹಾರಿಸಿದವಳಲ್ಲ. ಬೆಂಗಳೂರಿನ ಒಂದು ವಿಮಾನ ಸಂಸ್ಥೆಯ ಡಿಸ್ಪ್ಯಾಚ್ ವಿಭಾಗದಲ್ಲಿ, ಮೊದಲು ಎಚ್‌ಎಎಲ್ ನಿಲ್ದಾಣದಲ್ಲಿ, ಆಮೇಲೆ ದೇವನಹಳ್ಳಿಯಲ್ಲಿ, ಹಾರಿಸುವವರ ಕೈಗೆ ಕಾಗದ ಒದಗಿಸುವ ಕೆಲಸ ಮಾಡಿ ನಿವೃತ್ತಳಾದವಳು. ನಾನು ಸೇರಿದಾಗ ಎಲ್ಲವೂ ಕಾಗದವೇ. ಏಳು ರಿಂಗ್‌ಗಳ ಬೈಂಡರ್‌ಗಳಲ್ಲಿ, ಬೆಳಕಿಗೆ ಹಿಡಿದರೆ ಹಿಂಬದಿಯ ಗೆರೆಯೂ ಕಾಣುವಷ್ಟು ತೆಳುವಾದ ಹಾಳೆಗಳು. ಪರಿಷ್ಕರಣೆಯ ಲಕೋಟೆ ಬಂದರೆ ಅದರ ಮೊದಲ ಪುಟದಲ್ಲಿ ಯಾವ ಹಾಳೆ ತೆಗೆಯಬೇಕು, ಯಾವುದನ್ನು ಸೇರಿಸಬೇಕು ಎಂಬ ಪಟ್ಟಿ ಇರುತ್ತಿತ್ತು. ಒಂದೊಂದೇ ತೆಗೆದು, ಒಂದೊಂದೇ ಸೇರಿಸಿ, ಬೈಂಡರಿನ ಮುಂದಿನ ದಾಖಲೆ ಪುಟದಲ್ಲಿ ದಿನಾಂಕ ಬರೆದು ಸಹಿ ಹಾಕಬೇಕು. ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ ಹೇಳಿದ್ದರು: "ಹೊಸ ಹಾಳೆ ಕೈಗೆ ಬರೋತನಕ ಹಳೇದನ್ನ ತೆಗೀಬೇಡಮ್ಮ. ಹೊಸದು ಸೇರಿಸಿದ ಮೇಲೆ ಹಳೇದನ್ನ ಒಂದು ಗಳಿಗೆನೂ ಇಟ್ಕೋಬೇಡ, ಹರಿದುಹಾಕು." ಮೇಜಿನ ಮೇಲೆ ಉಳಿದ ಹಳೆಯ ಹಾಳೆ ಯಾರದಾದರೂ ಬೈಂಡರಿಗೆ ವಾಪಸು ಸೇರಿದರೆ ಏನಾಗಬಹುದು ಎಂಬುದು ಅವರಿಗೆ ಗೊತ್ತಿತ್ತು.

ಅಂಥ ಹಾಳೆಯಲ್ಲಿ ಏನಿರುತ್ತದೆ? ಮಂಗಳೂರಿನದನ್ನೇ ನೋಡೋಣ. ಬಜ್ಪೆಯ ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ 2,450 ಮೀಟರ್ ರನ್‌ವೇ ಅದು. ತುದಿಗಳಾಚೆ ಕಣಿವೆ. ಅಲ್ಲಿಗೆ ಇಳಿಯುವ ಹಾಳೆಯ ತಲೆಯಲ್ಲಿ ಮಾತನಾಡಬೇಕಾದ ರೇಡಿಯೊ ತರಂಗಾಂತರಗಳು. ಒಂದು ಸಣ್ಣ ವೃತ್ತದಲ್ಲಿ, ಸುತ್ತಲಿನ 25 ನಾಟಿಕಲ್ ಮೈಲಿಯೊಳಗೆ ಯಾವ ದಿಕ್ಕಿನಿಂದ ಬಂದರೆ ಎಷ್ಟು ಎತ್ತರಕ್ಕಿಂತ ಕೆಳಗಿಳಿಯಬಾರದು ಎಂಬ ಅಂಕಿ. ಆ ಅಂಕಿಯಲ್ಲಿ ಅಲ್ಲಿಯ ಅತಿ ಎತ್ತರದ ಗುಡ್ಡದ ಮೇಲೆ ಕನಿಷ್ಠ 1,000 ಅಡಿ ಅಂತರ ಸೇರಿರುತ್ತದೆ. ನಡುವೆ, ಮೇಲಿನಿಂದ ನೋಡಿದಂತೆ ದಾರಿ. ಅದರ ಕೆಳಗೆ ಅದೇ ದಾರಿಯ ಪಕ್ಕನೋಟ: ಎಷ್ಟು ದೂರದಲ್ಲಿ ಎಷ್ಟು ಎತ್ತರ. ಕೊನೆಯಲ್ಲಿ, ಇಷ್ಟು ಎತ್ತರಕ್ಕೆ ಬಂದಾಗಲೂ ರನ್‌ವೇ ಕಾಣದಿದ್ದರೆ ಇಳಿಯುವುದನ್ನು ಬಿಟ್ಟು ಮೇಲೇರಬೇಕೆಂಬ ಗಡಿ. ಮಳೆಗಾಲದ ಮೋಡದೊಳಗಿನಿಂದ ಬಜ್ಪೆಗೆ ಇಳಿಯುವ ಪೈಲಟ್‌ಗೆ ಗುಡ್ಡ ಕಾಣುವುದಿಲ್ಲ, ಈ ಅಂಕಿಗಳು ಕಾಣುತ್ತವೆ. ನಾವು ಪ್ರಯಾಣಿಕರು ನಂಬಿ ಕುಳಿತಿರುವುದೂ ಅವನ್ನೇ.

ಇಂಥ ಹಾಳೆಗಳ ಚರಿತ್ರೆಯಲ್ಲಿ ಎಲ್ರಿ ಜೆಪ್ಪೆಸನ್ ದೊಡ್ಡ ಹೆಸರು. 1930ರ ಸುಮಾರಿಗೆ ಅಮೆರಿಕದಲ್ಲಿ ಟಪಾಲು ವಿಮಾನ ಹಾರಿಸುತ್ತಿದ್ದ ಆತ, ಸಹೋದ್ಯೋಗಿಗಳು ಕೆಟ್ಟ ಹವೆಯಲ್ಲಿ ಬೆಟ್ಟಕ್ಕೆ ಬಡಿದು ಸಾಯುವುದನ್ನು ಕಂಡವನು. ಆಗ ಪೈಲಟ್‌ಗಳ ಬಳಿ ಇದ್ದದ್ದು ಹೆಚ್ಚಾಗಿ ರಸ್ತೆಯ ನಕ್ಷೆ. ಹತ್ತು ಸೆಂಟ್‌ಗೆ ಒಂದು ಕಪ್ಪು ನೋಟ್‌ಬುಕ್ ಕೊಂಡು ಬಯಲುಗಳ ಉದ್ದ, ಗುಡ್ಡಗಳ ಎತ್ತರ, ತಂತಿಕಂಬಗಳ ಜಾಗ, ಹವೆಯ ಸುದ್ದಿ ಕೊಡಬಲ್ಲ ರೈತರ ಫೋನ್ ಸಂಖ್ಯೆ ಎಲ್ಲವನ್ನೂ ಬರೆದಿಟ್ಟುಕೊಂಡ. ಎತ್ತರ ತಿಳಿಯಲು ಎತ್ತರಮಾಪಕ ಹಿಡಿದು ತಾನೇ ಗುಡ್ಡ ಹತ್ತುತ್ತಿದ್ದ. ಗೆಳೆಯರು ಪ್ರತಿ ಕೇಳತೊಡಗಿದಾಗ 1934ರಲ್ಲಿ ಅದು ಒಂದು ಕಂಪನಿಯೇ ಆಯಿತು. ಇಂದಿಗೂ ಜಗತ್ತಿನ ಬಹಳಷ್ಟು ಪೈಲಟ್‌ಗಳು ನಕ್ಷೆಯನ್ನು "ಜೆಪ್ಪ್" ಎಂದೇ ಕರೆಯುತ್ತಾರೆ. ಆದರೆ ಈಗ ಮೂಲ ಮಾಹಿತಿ ಕೊಡುವ ಹೊಣೆ ಆಯಾ ದೇಶದ್ದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳ ಪ್ರಕಾರ ಪ್ರತಿ ದೇಶವೂ ತನ್ನ ಆಕಾಶದ ಮಾಹಿತಿಯನ್ನು ಎಐಪಿ ಎಂಬ ಅಧಿಕೃತ ಗ್ರಂಥವಾಗಿ ಪ್ರಕಟಿಸಬೇಕು. ನಮ್ಮಲ್ಲಿ ಈ ಕೆಲಸ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ್ದು.

ನೆಲ ಇದ್ದಲ್ಲೇ ಇದೆ, ನಕ್ಷೆ ಯಾಕೆ ಇಷ್ಟು ಬೇಗ ಹಳತಾಗುತ್ತದೆ ಎಂದು ಹಲವರು ಕೇಳುತ್ತಾರೆ. ಮೊದಲಿಗೆ, ದಿಕ್ಕೇ ಸ್ಥಿರವಲ್ಲ. ರನ್‌ವೇಯ ಸಂಖ್ಯೆ ಎಂದರೆ ದಿಕ್ಸೂಚಿ ತೋರಿಸುವ ಡಿಗ್ರಿಯನ್ನು ಹತ್ತರಿಂದ ಭಾಗಿಸಿದ ಅಂಕಿ. ಬೆಂಗಳೂರಿನ 09 ಪೂರ್ವಕ್ಕೆ, 27 ಪಶ್ಚಿಮಕ್ಕೆ. ಭೂಮಿಯ ಕಾಂತಧ್ರುವ ನಿಧಾನವಾಗಿ ಸರಿಯುತ್ತಲೇ ಇರುವುದರಿಂದ ಕೆಲವು ಊರುಗಳಲ್ಲಿ ಈ ಅಂಕಿಯೇ ಬದಲಾಗುತ್ತದೆ. 2011ರ ಜನವರಿಯಲ್ಲಿ ಅಮೆರಿಕದ ಟ್ಯಾಂಪಾ ನಿಲ್ದಾಣ ಇದೇ ಕಾರಣಕ್ಕೆ ತನ್ನ ರನ್‌ವೇಗೆ ಹೊಸ ಸಂಖ್ಯೆ ಬರೆಸಿತು. ಎರಡನೆಯದಾಗಿ, ಮನುಷ್ಯ ಸುಮ್ಮನಿರುವುದಿಲ್ಲ. ನನ್ನ ಕಣ್ಣೆದುರೇ 2008ರ ಮೇ 24ಕ್ಕೆ ದೇವನಹಳ್ಳಿಯ ನಿಲ್ದಾಣ ತೆರೆಯಿತು. 2019ರ ನವೆಂಬರಿನಲ್ಲಿ ಕಲಬುರಗಿ, 2023ರ ಫೆಬ್ರುವರಿಯಲ್ಲಿ ಶಿವಮೊಗ್ಗ ನಕ್ಷೆಗೆ ಬಂದವು. 2019ರ ಡಿಸೆಂಬರ್ 6ಕ್ಕೆ ಬೆಂಗಳೂರಿನ ಎರಡನೇ ರನ್‌ವೇ ಬಳಕೆಗೆ ಬಂತು. ಅದರ ಹಿಂದಿನ ದಿನ ಏರಾಕ್ ಗುರುವಾರ. ರನ್‌ವೇ ಎರಡಾದ ಮೇಲೆ 09/27 ಎಂದಷ್ಟೇ ಇದ್ದ ಹಳೆಯದಕ್ಕೂ ಎಡ–ಬಲ ಸೂಚಿಸುವ ಅಕ್ಷರ ಬೇಕಾಯಿತು. ಒಂದು ರನ್‌ವೇ ಹೆಚ್ಚಿದರೆ ಬದಲಾಗುವುದು ಒಂದು ಹಾಳೆಯಲ್ಲ. ಏರುವ ದಾರಿ, ಇಳಿಯುವ ದಾರಿ, ನೆಲದ ಮೇಲೆ ಓಡಾಡುವ ದಾರಿ ಎಲ್ಲವೂ ಬದಲಾಗುತ್ತವೆ.

ಇದಕ್ಕೇ ಶಿಸ್ತು ಬೇಕು. ಏರಾಕ್ ದಿನಕ್ಕೆ ಕನಿಷ್ಠ 42 ದಿನ ಮೊದಲೇ ಬದಲಾವಣೆಯ ಮಾಹಿತಿ ಹೊರಡಬೇಕು, 28 ದಿನ ಮೊದಲಾದರೂ ಬಳಸುವವರ ಕೈ ಸೇರಬೇಕು. ದೊಡ್ಡ ಬದಲಾವಣೆಗೆ 56 ದಿನ. ಈ ಅವಧಿಯಲ್ಲಿ ನಕ್ಷೆ ಮಾಡುವವರು ಗೆರೆ ತಿದ್ದುತ್ತಾರೆ, ವಿಮಾನದ ಕಂಪ್ಯೂಟರಿಗೆ ಹೋಗುವ ದತ್ತಾಂಶ ಸಿದ್ಧವಾಗುತ್ತದೆ. ಅದನ್ನು ಎಂಜಿನಿಯರ್‌ಗಳು ವಿಮಾನಕ್ಕೆ ತುಂಬುತ್ತಾರೆ. ಕಂಪ್ಯೂಟರಿನಲ್ಲಿ ಈಗಿನ ಆವೃತ್ತಿಯ ಜೊತೆ ಅದರ ಹಿಂದಿನದೋ ಮುಂದಿನದೋ ಆವೃತ್ತಿಯೂ ಇರುತ್ತದೆ. ಹೊರಡುವ ಮೊದಲು ಪೈಲಟ್ ಇವುಗಳ ಅವಧಿ ತೋರಿಸುವ ಪುಟ ತೆರೆದು, ಇಂದಿನ ದಿನಾಂಕ ಯಾವುದರೊಳಗೆ ಬರುತ್ತದೆ ಎಂದು ನೋಡಿಯೇ ಮುಂದುವರಿಯಬೇಕು.

ಎಲ್ಲವೂ ಗುರುವಾರಕ್ಕೆ ಕಾಯುವುದಿಲ್ಲ. ರನ್‌ವೇ ದೀಪ ಕೆಟ್ಟಿದೆ, ಟ್ಯಾಕ್ಸಿವೇ ಅಗೆದಿದ್ದಾರೆ, ಕ್ರೇನ್ ನಿಂತಿದೆ: ಇಂಥದ್ದಕ್ಕೆ ನೋಟಾಮ್ ಎಂಬ ಸೂಚನೆ. ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಿ ಬೆಂಗಳೂರಿನ ಆಕಾಶ ಕೆಲವು ಗಂಟೆ ಮುಚ್ಚುವುದು, ಶ್ರೀಹರಿಕೋಟಾದಿಂದ ರಾಕೆಟ್ ಹಾರುವ ಮೊದಲು ಬಂಗಾಳಕೊಲ್ಲಿಯ ಮೇಲಿನ ಭಾಗ ನಿಷಿದ್ಧವಾಗುವುದು ಎಲ್ಲವೂ ನೋಟಾಮ್ ಮೂಲಕವೇ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ಈ ಪದ ಟಿ.ವಿ. ಸುದ್ದಿಯಲ್ಲೂ ಕೇಳಿಬಂತು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಸಂಕ್ಷೇಪಗಳಲ್ಲಿ, ವರ್ಷ–ತಿಂಗಳು–ದಿನ–ಗಂಟೆ–ನಿಮಿಷಗಳನ್ನು ಹತ್ತೇ ಅಂಕಿಯಲ್ಲಿ ಪೋಣಿಸಿ ಬರುವ ಸಂದೇಶವದು. ನಮ್ಮ ಕೌಂಟರಿಗೆ ಬಂದ ಕ್ಯಾಪ್ಟನ್‌ಗಳು ಹವಾಮಾನ ನೋಡಿದ ಮೇಲೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮೇಡಂ, ಇವತ್ತು ನಾನು ನೋಡಲೇಬೇಕಾದ ನೋಟಾಮ್ ಯಾವುದು?"

ಆ ಪ್ರಶ್ನೆಯಲ್ಲಿ ನಮ್ಮ ಕೆಲಸದ ಸಾರವೆಲ್ಲ ಇತ್ತು. ನಕ್ಷೆಯನ್ನು ತಿದ್ದುವುದು ಅರ್ಧ ಕೆಲಸ. ತಿದ್ದಿದ್ದನ್ನು ಹಾರುವವರ ಕಣ್ಣಿಗೆ, ಅವರು ಹೊರಡುವ ಮೊದಲು, ಅರ್ಥವಾಗುವ ಹಾಗೆ ಮುಟ್ಟಿಸುವುದು ಉಳಿದರ್ಧ. ಈ ಉಳಿದರ್ಧ ತಪ್ಪಿದಾಗ ಏನಾಗುತ್ತದೆಂದು ಮೂರು ಘಟನೆಗಳು ಹೇಳುತ್ತವೆ.

1979ರ ನವೆಂಬರ್ 28ರಂದು ಏರ್ ನ್ಯೂಜಿಲೆಂಡ್‌ನ ಡಿಸಿ-10 ವಿಮಾನ ಪ್ರವಾಸಿಗರನ್ನು ಹೊತ್ತು ಅಂಟಾರ್ಕ್ಟಿಕಾ ತೋರಿಸಲು ಹೊರಟಿತು. ಒಂದು ವರ್ಷಕ್ಕೂ ಹಿಂದೆ ಕಂಪ್ಯೂಟರಿಗೆ ದಾರಿಯನ್ನು ತುಂಬುವಾಗ ಒಂದು ಅಂಕಿ ತಪ್ಪಾಗಿತ್ತು. ಆ ತಪ್ಪು ದಾರಿ ಹೋಗುತ್ತಿದ್ದದ್ದು ಹಿಮಗಟ್ಟಿದ ಸಮತಟ್ಟಾದ ಕೊಲ್ಲಿಯ ಮೇಲೆ. ಪೈಲಟ್‌ಗಳಿಗೆ ಮುಂಚೆಯೇ ತೋರಿಸಿ ವಿವರಿಸಿದ್ದೂ ಅದನ್ನೇ. ಹೊರಡುವ ದಿನದ ನಸುಕಿನಲ್ಲಿ ಯಾರೋ ಅಂಕಿ ಸರಿಪಡಿಸಿದರು. ದಾರಿ ಸುಮಾರು 43 ಕಿಲೋಮೀಟರ್ ಸರಿದು, 3,794 ಮೀಟರ್ ಎತ್ತರದ ಎರೆಬಸ್ ಪರ್ವತದ ಮೇಲೆ ಬಂತು. ಪೈಲಟ್‌ಗಳಿಗೆ ಯಾರೂ ಹೇಳಲಿಲ್ಲ. ಬೆಳ್ಳಗಿನ ಮೋಡ, ಬೆಳ್ಳಗಿನ ಹಿಮ ಒಂದಾಗಿದ್ದ ಬೆಳಕಿನಲ್ಲಿ ಪರ್ವತ ಕಾಣಲಿಲ್ಲ. ವಿಮಾನದಲ್ಲಿದ್ದ 257 ಜನರೂ ಸತ್ತರು. ಮೊದಲ ತನಿಖೆ ಪೈಲಟ್‌ಗಳನ್ನು ದೂರಿತು. 1981ರಲ್ಲಿ ನ್ಯಾಯಮೂರ್ತಿ ಪೀಟರ್ ಮಾಹನ್ ಅವರ ಆಯೋಗ, ಸಿಬ್ಬಂದಿಗೆ ತಿಳಿಸದೆ ದಾರಿ ಬದಲಿಸಿದ್ದೇ ಮುಖ್ಯ ಕಾರಣವೆಂದಿತು. ನ್ಯೂಜಿಲೆಂಡ್ ಸರ್ಕಾರ ಕುಟುಂಬಗಳ ಕ್ಷಮೆ ಕೇಳಿದ್ದು ನಲವತ್ತು ವರ್ಷಗಳ ಮೇಲೆ, 2019ರಲ್ಲಿ. ಅಂಕಿ ಸರಿಯಾಗಿತ್ತು. ಸುದ್ದಿ ಮುಟ್ಟಲಿಲ್ಲ, ಅಷ್ಟೇ.

1995ರ ಡಿಸೆಂಬರ್ 20ರ ರಾತ್ರಿ ಮಯಾಮಿಯಿಂದ ಕೊಲಂಬಿಯಾದ ಕಾಲಿ ನಗರಕ್ಕೆ ಬರುತ್ತಿದ್ದ ಅಮೆರಿಕನ್ ಏರ್‌ಲೈನ್ಸ್ ವಿಮಾನದಲ್ಲಿ ಕಾಗದಕ್ಕೂ ಕಂಪ್ಯೂಟರಿಗೂ ಹೊಂದಿಕೆಯಿರಲಿಲ್ಲ. ರೊಸೊ ಎಂಬ ರೇಡಿಯೊ ಕೇಂದ್ರಕ್ಕೆ ಕಾಗದದ ನಕ್ಷೆಯಲ್ಲಿ "ಆರ್" ಎಂಬ ಗುರುತಿತ್ತು. ಪೈಲಟ್ ಕಂಪ್ಯೂಟರಿನಲ್ಲಿ "ಆರ್" ಒತ್ತಿ, ಬಂದ ಪಟ್ಟಿಯ ಮೊದಲ ಹೆಸರನ್ನು ಆರಿಸಿದರು. ಅದು ಬೊಗೊಟಾ ಬಳಿಯ ರೋಮಿಯೋ ಕೇಂದ್ರ. ರೊಸೊವನ್ನು ಕಂಪ್ಯೂಟರಿನಲ್ಲಿ ಪೂರ್ಣ ಹೆಸರಿನಿಂದ ಇಟ್ಟಿದ್ದರು. ಕತ್ತಲಲ್ಲಿ ವಿಮಾನ ಎಡಕ್ಕೆ, ಬೆಟ್ಟಗಳ ಕಡೆಗೆ ತಿರುಗಿತು. 163 ಜನರಲ್ಲಿ ಬದುಕಿದ್ದು ನಾಲ್ವರು. ಸಿಬ್ಬಂದಿಯ ಅವಸರವೂ ಇದಕ್ಕೆ ಕಾರಣವಾಗಿತ್ತು. ಆದರೆ ಒಂದೇ ಸಂಗತಿಯನ್ನು ಎರಡು ಕಡೆ ಎರಡು ರೀತಿ ಬರೆದದ್ದು ಆ ಅವಸರಕ್ಕೆ ಬಲೆಯಾಯಿತು.

ಮೂರನೆಯದರಲ್ಲಿ ಅದೃಷ್ಟ ಕೈ ಹಿಡಿಯಿತು. 2017ರ ಜುಲೈ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯಬೇಕಿದ್ದ ಏರ್ ಕೆನಡಾ ವಿಮಾನ, ಜೋಡಿ ರನ್‌ವೇಗಳಲ್ಲಿ ಒಂದು ಮುಚ್ಚಿ ದೀಪ ಆರಿಸಿದ್ದರಿಂದ ಗೊಂದಲಗೊಂಡು, ನಾಲ್ಕು ವಿಮಾನಗಳು ಹೊರಡಲು ಕಾಯುತ್ತಿದ್ದ ಟ್ಯಾಕ್ಸಿವೇ ಕಡೆಗೇ ಇಳಿಯತೊಡಗಿತು. ನೆಲಕ್ಕೆ ಸುಮಾರು 60 ಅಡಿ ಇರುವಾಗ ಮತ್ತೆ ಮೇಲೇರಿತು. ರನ್‌ವೇ ಮುಚ್ಚಿದೆ ಎಂಬ ನೋಟಾಮ್ ಪೈಲಟ್‌ಗಳಿಗೆ ಕೊಟ್ಟಿದ್ದ 27 ಪುಟಗಳ ಕಡತದ 8ನೇ ಪುಟದಲ್ಲಿತ್ತು. ಹೇಳಿದ್ದರು ನಿಜ. ಆದರೆ ರಾಶಿಯೊಳಗೆ ಹೂತುಹಾಕಿ ಹೇಳಿದ್ದರು.

ಈಗ ಕಾಗದ ಹೋಗಿದೆ. 2013ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಎಲ್ಲ ವಿಮಾನಗಳಲ್ಲೂ 35 ಪೌಂಡ್ ತೂಕದ ಚರ್ಮದ ಚೀಲಗಳ ಬದಲು ಐಪ್ಯಾಡ್ ಇಟ್ಟಿತು. ನಮ್ಮ ದೇಶದ ಪೈಲಟ್‌ಗಳೂ ಟ್ಯಾಬ್ಲೆಟ್‌ನಲ್ಲೇ ನಕ್ಷೆ ನೋಡುತ್ತಾರೆ. ಹಾಳೆ ತೆಗೆದು ಸೇರಿಸುವ ಕೆಲಸ ಒಂದು ಡೌನ್‌ಲೋಡ್‌ಗೆ ಇಳಿದಿದೆ. ಇದು ಒಳ್ಳೆಯದೇ. ಆದರೆ ಯಂತ್ರವೂ ಕೈಕೊಡುತ್ತದೆ. 2023ರ ಜನವರಿ 11ರ ಬೆಳಗ್ಗೆ ಅಮೆರಿಕದ ನೋಟಾಮ್ ವ್ಯವಸ್ಥೆ ಕೆಟ್ಟಾಗ, ಅಲ್ಲಿಯ ಅಧಿಕಾರಿಗಳು ದೇಶದಾದ್ಯಂತ ವಿಮಾನಗಳ ಹೊರಡುವಿಕೆಯನ್ನೇ ತಡೆದರು. ಮಾಹಿತಿ ಖಚಿತವಾಗದೆ ಹಾರುವುದಕ್ಕಿಂತ ನಿಲ್ಲುವುದು ಮೇಲು ಎಂಬ ಆ ನಿರ್ಧಾರ ಸರಿಯಾದದ್ದು.

ಕೊನೆಯದಾಗಿ, ಇದನ್ನು ಓದುತ್ತಿರುವ ನಿಮಗೂ ಈ ಸರಪಳಿಯಲ್ಲಿ ಪಾಲಿದೆ. ನಕ್ಷೆಯ ಮೇಲಿನ ಅಡೆತಡೆಯ ಅಂಕಿಗಳು ಹುಟ್ಟುವುದು ನಮ್ಮ ಕಟ್ಟಡಗಳಿಂದ. ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ, ಮಂಡಕಳ್ಳಿ, ಬಜ್ಪೆ, ಹೀಗೆ ಯಾವ ನಿಲ್ದಾಣದ ಸುತ್ತ ಮನೆ, ಅಪಾರ್ಟ್‌ಮೆಂಟ್, ಮೊಬೈಲ್ ಗೋಪುರ ಕಟ್ಟುವವರಿದ್ದರೂ ಎತ್ತರದ ನಿರಾಕ್ಷೇಪಣಾ ಪತ್ರವನ್ನು ಬರೀ ಒಂದು ಕಚೇರಿ ಕಾಗದವೆಂದು ನೋಡಬೇಡಿ. ಅನುಮತಿ ಪಡೆದ ಎತ್ತರಕ್ಕಿಂತ ಒಂದಡಿಯೂ ಏರಿಸಬೇಡಿ. ಕಟ್ಟಡಕ್ಕಿಂತ ಎತ್ತರದ ಕ್ರೇನ್ ನಿಲ್ಲಿಸುವ ಮೊದಲು ತಿಳಿಸಿ, ಅದಕ್ಕೂ ಒಂದು ನೋಟಾಮ್ ಬೇಕಾಗಬಹುದು. ಮಹಡಿಯ ಮೇಲಿನ ಕೆಂಪು ದೀಪ ಕೆಟ್ಟರೆ ಆ ದಿನವೇ ಸರಿಪಡಿಸಿ. ಡ್ರೋನ್ ಹಾರಿಸುವವರು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಕೆಂಪೋ, ಹಳದಿಯೋ, ಹಸಿರೋ ಎಂದು ಪ್ರತಿ ಸಲವೂ ನೋಡಿ. ನೀವು ಹೇಳದೆ ಬಿಟ್ಟದ್ದು ಯಾವ ನಕ್ಷೆಗೂ ಬರುವುದಿಲ್ಲ. ನಕ್ಷೆಯಲ್ಲಿ ಇಲ್ಲದ್ದು ಮೋಡದೊಳಗಿರುವ ಪೈಲಟ್‌ಗೆ ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ದಯವಿಟ್ಟು ಹೇಳಿ, ಮೊದಲೇ ಹೇಳಿ.